ಕೈ ತೂರುವಷ್ಟು ಬಿರುಕು

ಗೋಡೆ ಜಗ್ಗಲಿಲ್ಲ. ಚಾಣದ ಮೊನೆ ಗಾರೆಗೆ ತಾಗಿದಾಗಲೆಲ್ಲ ಠಣ್ಣೆಂದು ಹಿಂದಕ್ಕೆ ಹಾರುತ್ತಿತ್ತು. ಮೇಸ್ತ್ರಿ ಸುತ್ತಿಗೆ ಕೆಳಗಿಟ್ಟು ಅಂಗೈ ನೋಡಿಕೊಂಡ. ಆ ಗೋಡೆಯನ್ನು ಕಟ್ಟಿದವನೂ ಅವನೇ. ಆಗ ಸಿಮೆಂಟ್ ಅಂಗಡಿಯಲ್ಲಿ ಸಿಗುತ್ತಿತ್ತು.

"ಇಷ್ಟು ಗಟ್ಟಿಯಾಗಿ ಕಟ್ಟು ಅಂತ ಯಾರು ಹೇಳಿದ್ರು ನಿಂಗೆ?" ಎಂದಳು ಮನೆಯೊಡತಿ ಟೈಲರಮ್ಮ, ಹೊಲಿಗೆ ಯಂತ್ರಕ್ಕೆ ಧೂಳು ಹಿಡಿಯದಂತೆ ಹಳೆಯ ದುಪ್ಪಟಿ ಹೊದಿಸುತ್ತ.

"ನೀವೇ ಅಕ್ಕಾ. ನನ್ನ ಮಗನ ಕಾಲಕ್ಕೂ ನಿಲ್ಬೇಕು ಅಂತ ದಿನಾ ಬಂದು ತಲೆ ತಿಂತಿದ್ರಲ್ಲ."

"ಮಗನ ಕಾಲ ಬಂತು. ಸೊಸೆ ತವರಿಗೆ ಹೋದಳು."

ಮನೆಗಿದ್ದದ್ದು ಒಂದೇ ಕೋಣೆ. ಪರದೆಯ ಈಚೆ ಅತ್ತೆ, ಆಚೆ ಹೊಸ ದಂಪತಿ. ಪರದೆ ತಡೆಯುವುದು ನೋಟವನ್ನು ಮಾತ್ರ, ಕೆಮ್ಮನ್ನಲ್ಲ. ಒಂದಷ್ಟು ದಿನ ಹಲ್ಲು ಕಚ್ಚಿಕೊಂಡಿದ್ದ ಸೊಸೆ, ಇನ್ನೊಂದು ಕೋಣೆ ಎದ್ದ ದಿನ ಬರುತ್ತೇನೆಂದು ಪೆಟ್ಟಿಗೆ ಎತ್ತಿಕೊಂಡು ಹೊರಟಿದ್ದಳು. ಕೋಣೆ ಏಳಿಸಲು ಸಿಮೆಂಟ್ ಬೇಕು. ಸಿಮೆಂಟ್ ಸರ್ಕಾರದ ಹತೋಟಿಯಲ್ಲಿತ್ತು. ಹೊಸದಾಗಿ ಕಟ್ಟುವವರಿಗೆ ಹಿಡಿಯಷ್ಟೂ ಇಲ್ಲ. ರಿಪೇರಿಗೆ ಮಾತ್ರ ಪರ್ಮಿಟ್. ಹೀಗಾಗಿ ಊರಲ್ಲಿ ಹೊಸ ಕಸುಬೊಂದು ಹುಟ್ಟಿಕೊಂಡಿತ್ತು. ಕಟ್ಟುವ ಕೆಲಸವಿಲ್ಲದೆ ಕೂತ ಮೇಸ್ತ್ರಿಗಳು ಗಟ್ಟಿ ಗೋಡೆಗಳಲ್ಲಿ ಬಿರುಕು ಮಾಡಿಕೊಡುತ್ತಿದ್ದರು. ಇನ್ಸ್‌ಪೆಕ್ಟರು ಬಂದು ಬಿರುಕಿನೊಳಗೆ ಪೆನ್ಸಿಲ್ ತೂರಿಸಿ ನೋಡಿ ಪರ್ಮಿಟ್ ಬರೆಯುತ್ತಿದ್ದರು. ಜನ ಬಿರುಕಿಗೆ ಮಣ್ಣು ಮೆತ್ತಿ, ಸಿಮೆಂಟನ್ನು ಬೇರೆಯದಕ್ಕೆ ಬಳಸುತ್ತಿದ್ದರು. ಇವನಿಗಂತೂ ಬಿರುಕು ಮೇಸ್ತ್ರಿ ಎಂದೇ ಹೆಸರು ಬಿದ್ದಿತ್ತು.

"ಪೆನ್ಸಿಲ್ ಹೋಗುತ್ತೆ ನೋಡಿ. ಇಷ್ಟು ಸಾಕು," ಎಂದ.

"ಪೆನ್ಸಿಲ್ ಹೋದ್ರೆ ಎರಡು ಮೂಟೆ ಕೊಡ್ತಾರೆ. ಎರಡು ಮೂಟೇಲಿ ಕೋಣೆ ಏಳುತ್ತಾ? ಬೇಕರಿಯವನ ಗೋಡೇಲಿ ಕೈ ಹೋಗ್ತಿತ್ತಂತೆ. ರಾಶಿ ಮೂಟೆ ಬಂತು ಅವನಿಗೆ. ಕೈ ತೂರೋ ಹಾಗೆ ಮಾಡು ತಮ್ಮಾ."

ಬೇಕರಿಯವನದೂ ಅವನದೇ ಕೈಕೆಲಸ. ಆದರೆ ಅದು ಕಾಂಪೌಂಡ್ ಗೋಡೆ; ಇದು ಸೂರು ಹೊತ್ತ ಗೋಡೆ. ಮೇಸ್ತ್ರಿ ಮೇಲೆ ತೊಲೆಗಳತ್ತ ಕಣ್ಣು ಹಾಯಿಸಿದ. ತನ್ನ ಕಟ್ಟಡ ಇಷ್ಟಕ್ಕೆಲ್ಲ ಬೀಳುವಂಥದ್ದಲ್ಲ ಎಂಬುದು ಅವನಿಗೆ ಗೊತ್ತಿತ್ತು. ಹಲ್ಲು ಕೀಳುವವನ ಜಾಗ್ರತೆಯಿಂದ ಇಟ್ಟಿಗೆಗಳ ಅಂಚು ಬಿಡಿಸಿದ. ಬಿರುಕು ಹಳೆಯದಾಗಿ ಕಾಣಲೆಂದು ಟೀ ಚರಟ ಬಳಿದ.

ಮರುದಿನ ಬಂದ ಇನ್ಸ್‌ಪೆಕ್ಟರ್ ಮರ್ಯಾದಸ್ಥ, ಲಂಚ ಮುಟ್ಟುವವನಲ್ಲ. ಪೆನ್ಸಿಲ್ ತೂರಿಸಿದ. ಅದನ್ನು ಜೇಬಿಗಿಟ್ಟು ಕೈಯನ್ನೇ ತೂರಿಸಿದ. ಮಣಿಕಟ್ಟಿನವರೆಗೂ ಹೋಯಿತು. ತಲೆಯೆತ್ತಿ ಸೂರು ನೋಡಿ, ಎರಡು ಹೆಜ್ಜೆ ಹಿಂದೆ ಸರಿದ.

"ಎಷ್ಟು ಮೂಟೆ ಬರೀತೀರ ಸ್ವಾಮಿ?" ಟೈಲರಮ್ಮನಿಗೆ ತಡೆಯಲಾಗಲಿಲ್ಲ.

"ಮೂಟೆ ಬಿಡಿಯಮ್ಮಾ. ಸೂರು ಹೊತ್ತ ಗೋಡೇಲಿ ಕೈ ತೂರಿದ್ರೆ ಅದು ರಿಪೇರಿ ಲೆಕ್ಕಕ್ಕೆ ಬರಲ್ಲ, ಅಪಾಯದ ಲೆಕ್ಕಕ್ಕೆ ಬರುತ್ತೆ. ಇವತ್ತೇ ಖಾಲಿ ಮಾಡಿ. ನಾಳೆ ಆಳುಗಳು ಬಂದು ಕೆಡವ್ತಾರೆ."

"ಕೆಡವಿದ್ಮೇಲೆ ಕಟ್ಕೊಳ್ಳೋಕೆ ಕೊಡ್ತೀರಾ?"

"ಅದು ಹೊಸ ಕಟ್ಟಡ ಆಗುತ್ತಲ್ಲಮ್ಮಾ. ಹೊಸದಕ್ಕೆಲ್ಲಿದೆ ಸಿಮೆಂಟು?"

ಮೇಸ್ತ್ರಿ ಮುಂದೆ ಬಂದ. "ಸಾರ್, ಈ ಗೋಡೆ ಬೀಳಲ್ಲ. ನಾನೇ ಕಟ್ಟಿದ್ದು. ಇನ್ನೊಂದು ತಲೆಮಾರು ನಿಲ್ಲುತ್ತೆ."

"ಹೌದಾ?" ಇನ್ಸ್‌ಪೆಕ್ಟರ್ ಅವನನ್ನೇ ನೋಡಿದ. "ಹಾಗಾದ್ರೆ ಬಿರುಕು ಹೇಗೆ ಬಂತು?"

ಮೇಸ್ತ್ರಿ ಬಾಯಿ ತೆರೆದ. ಸಿಮೆಂಟಿಗಾಗಿ ಗೋಡೆ ಒಡೆದರೆ ಜೈಲು, ಒಡೆದವನಿಗೂ ಒಡೆಸಿದವರಿಗೂ. ಟೈಲರಮ್ಮ ಕಾಣಿಸಿಯೂ ಕಾಣಿಸದಂತೆ ಬೇಡವೆಂದು ತಲೆಯಾಡಿಸಿದಳು.

"ತಾನಾಗೇ ಬಂತು ಸಾರ್," ಎಂದ.

ಇನ್ಸ್‌ಪೆಕ್ಟರ್ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಅಡ್ಡಗೀಟು ಎಳೆಸಿದ.

ಮರುದಿನ ಹಾಸಿಗೆ, ಪಾತ್ರೆ, ಹೊಲಿಗೆ ಯಂತ್ರ ಬೀದಿಯಲ್ಲಿದ್ದವು. ಮಗ ಬಾಡಿಗೆಗೆ ಒಂದು ಮೂಲೆಯಾದರೂ ಸಿಕ್ಕೀತೇ ಎಂದು ಹುಡುಕಲು ಹೋಗಿದ್ದ. ಸೂರು ಸಲೀಸಾಗಿ ಇಳಿಯಿತು. ಗೋಡೆ ಇಳಿಯಲಿಲ್ಲ. ಆಳುಗಳು ಸರದಿಯ ಮೇಲೆ ಬಡಿದರು. ಸುತ್ತಿಗೆ ಪುಟಿದು ಹಿಂದಕ್ಕೆ ಬರುತ್ತಿತ್ತು.

"ಅಪಾಯದ ಗೋಡೆಯಂತೆ!" ಒಬ್ಬ ಬೆವರು ಒರೆಸಿಕೊಂಡ. "ಅಪಾಯ ಇರೋದು ನಮ್ಮ ರಟ್ಟೆಗೆ. ಯಾವ ಪುಣ್ಯಾತ್ಮ ಕಟ್ಟಿದ್ನೋ!"

ಜನರ ನಡುವೆ ಕೈ ಕಟ್ಟಿ ನಿಂತಿದ್ದ ಮೇಸ್ತ್ರಿಗೆ ಸುತ್ತಿಗೆ ಪುಟಿದಾಗಲೆಲ್ಲ ಎದೆಯೊಳಗೆ ಏನೋ ಉಬ್ಬುತ್ತಿತ್ತು. ಅದು ಮುಖಕ್ಕೆ ಬರದಂತೆ ಅವನು ನೆಲ ನೋಡುತ್ತಿದ್ದ.

ಟೈಲರಮ್ಮ ಬೀದಿಯಲ್ಲಿ ತನ್ನ ಯಂತ್ರದ ಮುಂದೆ ಸ್ಟೂಲಿನ ಮೇಲೆ ಕೂತಿದ್ದಳು. ಅವನ ಕಡೆ ತಿರುಗಲಿಲ್ಲ.

"ಹೋಗಿ ನೀನೇ ಕೆಡವು ಮೇಸ್ತ್ರಿ," ಎಂದಳು. "ಅವರ ಕೈಲಾಗಲ್ಲ."