ಯಾವ ಆಟ ಬೇಕು?

ಶಾಲೆ ಬಿಟ್ಟ ಮೇಲೆ ಗ್ರಂಥಾಲಯಕ್ಕೆ ಬರುವ ಮಕ್ಕಳಿಗೆ ಯಾವ ಆಟ ಇಡಬೇಕೆಂದು ಸಮಿತಿಯ ಹಿರಿಯರು ಮಧ್ಯಾಹ್ನದಿಂದ ಚರ್ಚಿಸುತ್ತಿದ್ದರು. ಗ್ರಂಥಪಾಲಕಿ ಜಲಜಾಕ್ಷಿಗೆ ಮೈಯೆಲ್ಲ ಉರಿಯುತ್ತಿತ್ತು. ಹೋದ ವರ್ಷ ಮಕ್ಕಳಿಗಾಗಿಯೇ ಕಚೇರಿ ಕಚೇರಿ ಅಲೆದು ಈ ಕಟ್ಟಡ ಕಟ್ಟಿಸಿದವಳು ಅವಳು.

"ಕೇರಂ ಇಡೋಣ ಸರ್," ಎಂದಳು.

"ಟಕಟಕ ಸದ್ದು. ಪೇಪರ್ ಓದೋರಿಗೆ ತೊಂದರೆ," ಎಂದರು ಅಧ್ಯಕ್ಷರು.

"ಚೌಕಾಬಾರ?"

"ಕವಡೆ ಕೊಟ್ಟು ಜೂಜು ಕಲಿಸ್ತೀಯೇನಮ್ಮ?"

"ಅಂತ್ಯಾಕ್ಷರಿ?"

"ಅಯ್ಯೋ, ಗಲಾಟೆ! ಚೆಸ್ ಇಡು. ತೆಪ್ಪಗೆ ಕೂತಿರ್ತವೆ."

ಜಲಜಾಕ್ಷಿ ಮೇಜು ಕುಟ್ಟಿ ಎದ್ದಳು. "ತೆಪ್ಪಗೆ ಕೂತಿರ್ಲಿ ಅಂತ ಯಾರಾದ್ರೂ ಆಟ ಇಡ್ತಾರಾ? ಆಡೋ ಮಕ್ಕಳನ್ನ ನಿಮ್ಮಲ್ಲಿ ಒಬ್ಬರಾದ್ರೂ ಒಂದು ಮಾತು ಕೇಳಿದ್ದೀರಾ?"

ಅವಳು ದಡದಡನೆ ಹೋಗಿ, ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಹುಡುಗಿಯೊಬ್ಬಳ ಕೈಹಿಡಿದು ಕರೆತಂದಳು.

"ಹೆದರ್ಬೇಡ ಪುಟ್ಟಿ, ಇವರ ಮುಖಕ್ಕೆ ಹೊಡೆದ ಹಾಗೆ ಹೇಳು. ನಿಮಗೆ ಯಾವ ಆಟ ಬೇಕು?"

"ಲಗೋರಿ, ಮಿಸ್."

ಅಧ್ಯಕ್ಷರು ನಕ್ಕರು. "ಅದಕ್ಕೆ ಜಾಗ ಎಲ್ಲಿದೆಯಮ್ಮ?"

"ಜಾಗ ನಾನು ಕೊಡಿಸ್ತೀನಿ!" ಜಲಜಾಕ್ಷಿ ಅವರ ಮೇಲೆ ಹರಿಹಾಯ್ದು, ಹುಡುಗಿಯ ಕಡೆ ತಿರುಗಿದಳು. "ಮುಂಚೆ ಎಲ್ಲಿ ಆಡ್ತಿದ್ರಿ, ತೋರಿಸು. ಅದನ್ನ ಯಾರು ಕಿತ್ಕೊಂಡಿದ್ರೂ ಬಿಡಲ್ಲ ನಾನು."

ಹುಡುಗಿ ಗ್ರಂಥಪಾಲಕಿಯ ಮೇಜಿನತ್ತ ಬೆರಳು ಮಾಡಿದಳು.

"ಅಲ್ಲೇ ಮಿಸ್. ನೀವು ಲೈಬ್ರರಿ ಕಟ್ಸೋಕೆ ಮುಂಚೆ ಇದೆಲ್ಲ ಬಯಲಿತ್ತಲ್ಲ, ಆಗ ನಿಮ್ಮ ಕುರ್ಚಿ ಇರೋ ಕಡೆನೇ ನಾವು ಕಲ್ಲು ಜೋಡಿಸ್ತಿದ್ವಿ."