ಇನ್ನೊಂದು ದೋಸೆ

ಗ್ಯಾಂಗಿನ ಗುಟ್ಟುಗಳನ್ನೆಲ್ಲ ಪೊಲೀಸರಿಗೆ ಹೇಳಿದವನು ತನ್ನ ಬಲಗೈ ಬಂಟ ಮರಿಸಿದ್ದನೇ ಎಂಬುದು ನಾಯಕನಾದ ಅಣ್ಣನಿಗೆ ಜೈಲಿನಿಂದ ಬಂದಮೇಲೂ ಗೊತ್ತಿರಲಿಲ್ಲ. ಈಗ ಅದೇ ಕಥೆ ಸಿನಿಮಾ ಆಗಿತ್ತು. ಮರಿಸಿದ್ದನೇ ಗುಟ್ಟಾಗಿ ಎಲ್ಲವನ್ನೂ ನಿರ್ದೇಶಕನಿಗೆ ವಿವರಿಸಿದ್ದ. ನಿರ್ದೇಶಕ ಪಾತ್ರದ ಹೆಸರು, ಊರು ಬದಲಿಸಿದ್ದ. ಆದರೆ ಬೆಳಗಿನ ಆಟ ಶುರುವಾಗುತ್ತಲೇ, ನೋಡಲು ಹೋಗಿದ್ದ ಮರಿಸಿದ್ದ ಕುರ್ಚಿಯಿಂದ ಜಿಗಿದೆದ್ದ. ಕೃತಜ್ಞತೆಗಳ ಪಟ್ಟಿಯಲ್ಲಿ, ‘ತಮ್ಮದೇ ಕಥೆ ಕೊಟ್ಟವರು’ ಎಂಬುದರ ಕೆಳಗೆ, ಅವನ ಹೆಸರು!

ಅಣ್ಣ ಮ್ಯಾಟಿನಿಗೆ ಹೊರಟಿದ್ದ. ಮರಿಸಿದ್ದ ಅವನನ್ನು ದಾರಿಯಲ್ಲಿ ಹೋಟೆಲಿಗೆ ಕರೆದೊಯ್ದ.

“ಇನ್ನೊಂದು ದೋಸೆ ಹೇಳ್ಲಾ ಅಣ್ಣ?”

“ಐದು ದೋಸೆ ಆಯ್ತಲ್ಲೋ! ಪಿಚ್ಚರ್ ಶುರುವಾಗ್ಬಿಡುತ್ತೆ.”

“ಶುರುವಲ್ಲಿ ಬರೀ ಹೆಸರು ಹಾಕ್ತಾರೆ ಬಿಡಣ್ಣ.”

“ನಮ್ದೇ ಕಥೆಯಂತೆ. ಆ ದ್ರೋಹಿ ಯಾರು ಅಂತ ನೋಡ್ಬೇಕು ಕಣೋ ನಾನು.”

“ಅದು ಕೊನೇಲಿ ಬರುತ್ತೆ. ಚಟ್ನಿ ಹಾಕ್ಸ್ಲಾ?”

ಅವರು ಟಾಕೀಸಿನೊಳಗೆ ಕಾಲಿಟ್ಟಾಗ ಹೆಸರುಗಳೆಲ್ಲ ಮುಗಿದು, ಹೀರೋ ಜೀಪಿನಿಂದ ಹಾರಿ ನಿಂತಿದ್ದ. ಮರಿಸಿದ್ದನಿಗೆ ಖುಷಿ ತಡೆಯಲಾಗಲಿಲ್ಲ. ಕುರ್ಚಿ ಹತ್ತಿ ಶಿಳ್ಳೆ ಹೊಡೆದ. ಗುರುತಿಲ್ಲದವರನ್ನೆಲ್ಲ ತಬ್ಬಿಕೊಂಡ. ಸಂಜೆ ಊರು ಬಿಟ್ಟು ಓಡಲೆಂದು ಕೊಂಡಿದ್ದ ಬಸ್ ಟಿಕೆಟನ್ನು ಚೂರುಚೂರು ಮಾಡಿ ಪರದೆಯತ್ತ ತೂರಿದ.

ಅವನ ಕುಣಿತ ನೋಡಿ ಅಣ್ಣನಿಗೂ ಹುರುಪು ಬಂತು.

“ಇಷ್ಟು ಚೆನ್ನಾಗಿರೋ ಪಿಚ್ಚರ್‌ನ ಅರ್ಧದಿಂದ ನೋಡೋದಾ?” ಎಂದವನೇ ಹಿಂದೆ ತಿರುಗಿ ಗುಡುಗಿದ. “ಏಯ್ ಆಪರೇಟರ್! ಮೊದಲಿಂದ ಹಾಕೋ!”

ಪರದೆ ಕಪ್ಪಾಯಿತು. ಮತ್ತೆ ಬೆಳಗಿದಾಗ ಅದರ ಮೇಲೆ ದಪ್ಪ ಅಕ್ಷರಗಳಲ್ಲಿ ಮೂಡಿತು: ‘ಕೃತಜ್ಞತೆಗಳು’.