ನಲ್ಲಿ ನೀರಿನ ಬಣ್ಣ

ಭಾನುವಾರ ಬೆಳಿಗ್ಗೆ ಆರರಲ್ಲಿ ನಾಲ್ಕನೆಯ ಮೀನೂ ಹೊಟ್ಟೆ ಮೇಲಾಗಿ ತೇಲಿತು. ಗಾಜಿನ ತೊಟ್ಟಿ ಮನೆಗೆ ಬಂದು ಹನ್ನೊಂದೇ ದಿನ. ಪುಟ್ಟಿ ಈ ಸಲ ಅಳಲಿಲ್ಲ. ಮೀನಿನ ಆಹಾರದ ಡಬ್ಬಿಯನ್ನು ತಂದು ಅಪ್ಪನ ಕೈಗಿಟ್ಟಳು. "ನೀನೇ ಮೇಲೆ ಇಟ್ಬಿಡಪ್ಪಾ. ನನ್ನ ಕೈ ಸರಿ ಇಲ್ಲ." ಮೊದಲ ಮೀನು ಸತ್ತ ದಿನದಿಂದ ಅವನೇ ಹೇಳುತ್ತ ಬಂದಿದ್ದ ಮಾತು ಅದು: ಹಾಕಿದ್ದು ಜಾಸ್ತಿಯಾದರೆ ಕೊಳೆತು ನೀರು ಕೆಡುತ್ತದೆ, ನಿನ್ನ ಕೈಗೆ ಅಳತೆಯೇ ಇಲ್ಲ.

ಕೊನೆಗೆ ಅಪ್ಪ ಮೀನಿನ ಅಂಗಡಿಯವನನ್ನೇ ಮನೆಗೆ ಕರೆಸಿದ. ಅಂಗಡಿಯವನು ಒಂದು ಸಣ್ಣ ಗಾಜಿನ ನಳಿಕೆಗೆ ತೊಟ್ಟಿಯ ನೀರು ತುಂಬಿಸಿ, ಎರಡು ಸೀಸೆಗಳಿಂದ ಹನಿ ಬಿಟ್ಟು, ಕುಲುಕಿ ಪುಟ್ಟಿಯ ಕೈಗೆ ಕೊಟ್ಟ. "ಹಳದಿಯಾಗೇ ಇದ್ರೆ ಒಳ್ಳೇದು ಮರಿ. ಹಸಿರಿಗೆ ತಿರುಗಿದ್ರೆ ಅಮೋನಿಯಾ ಅಂತ. ಮೀನಿಗೆ ವಿಷ." ಐದು ನಿಮಿಷದಲ್ಲಿ ನೀರು ಎಲೆಯ ಹಸಿರಾಯಿತು.

"ಹೊಸ ತೊಟ್ಟಿ ಅಂದ್ರೆ ಹಸಿ ಬಾಣಂತಿ ಇದ್ದ ಹಾಗೆ ಸರ್. ಹೊಲಸು ತಿನ್ನೋ ಬ್ಯಾಕ್ಟೀರಿಯಾ ಬೆಳೆಯೋಕೆ ಒಂದು ತಿಂಗಳು ಬೇಕು. ಅಲ್ಲೀವರೆಗೂ ದಿನಾ ಸ್ವಲ್ಪ ನೀರು ಬದಲಾಯಿಸ್ಬೇಕು."

"ಸ್ವಲ್ಪ ಅಲ್ಲ, ದಿನಾ ಅರ್ಧ ತೊಟ್ಟಿ ಬದಲಾಯಿಸ್ತಿದೀನಿ. ನೀರು ಹಿಡಿದಿಟ್ಟು, ಕ್ಲೋರಿನ್ ತೆಗೆಯೋ ಔಷಧಿ ಹಾಕಿ. ಇಲ್ನೋಡಿ, ಬರೆದೂ ಇಟ್ಟಿದೀನಿ." ತಾರೀಖು, ಗಂಟೆ, ಎಷ್ಟು ಲೀಟರ್, ಎಲ್ಲವೂ ಗೆರೆ ಎಳೆದ ಹಾಳೆಯಲ್ಲಿ ಮುದ್ದಾಗಿತ್ತು.

"ಪರೀಕ್ಷೆಗೆ ಓದೋ ಹುಡುಗ್ರೂ ಇಷ್ಟು ಬರೆಯಲ್ಲ ಬಿಡಿ," ಎಂದು ಅಂಗಡಿಯವನು ನಕ್ಕ. ಆಮೇಲೆ ತಲೆ ಕೆರೆದುಕೊಂಡ. "ಆದ್ರೂ ಅರ್ಧ ತೆಗೆದ್ರೆ ಅರ್ಧ ಇಳೀಬೇಕಲ್ಲ? ಇದು ಜಗ್ತಾನೇ ಇಲ್ಲ." ನಳಿಕೆಯನ್ನು ತೊಳೆದುಕೊಂಡು ಸೀದಾ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದ. ಹನಿ ಬಿಟ್ಟ. ಈ ಸಲ ಐದು ನಿಮಿಷವೂ ಬೇಕಾಗಲಿಲ್ಲ. ಮೂವರೂ ಆ ಹಸಿರನ್ನು ನೋಡುತ್ತ ನಿಂತರು.

"ಸರ್, ನೀವು ನೀರು ಸರಬರಾಜಿನ ಲ್ಯಾಬ್‌ನೋರಲ್ವಾ? ಅಲ್ಲಿ ಇದನ್ನ ದಿನಾ ನೋಡಲ್ವಾ?"

"ನೋಡ್ತೀವಿ," ಎಂದ.

ನೋಡುತ್ತಿರಲಿಲ್ಲ. ಅಮೋನಿಯಾ ಪರೀಕ್ಷೆಯ ರಾಸಾಯನಿಕ ಮುಗಿದು ಎರಡು ತಿಂಗಳಾಗಿತ್ತು. ಮೂರು ಪತ್ರ ಬರೆದಿದ್ದ, ಮೂರರ ನಕಲನ್ನೂ ಕಡತಕ್ಕೆ ಸೇರಿಸಿದ್ದ. "ಅದು ಬರೋವರೆಗೂ ಹೋದ ತಿಂಗಳದ್ದೇ ಬರ್ಕೊಳಯ್ಯಾ, ನೀರೇನು ಓಡಿಹೋಗುತ್ತಾ?" ಎಂದಿದ್ದರು ಮೇಲಿನವರು. ಮೊದಲ ವಾರ ಪೆನ್ಸಿಲಿನಲ್ಲಿ ಬರೆದ. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಎರಡನೆಯ ವಾರ ಪೆನ್ನಿನಲ್ಲಿ ಬರೆದ. ಅಮೋನಿಯಾ: ಇಲ್ಲ. ಕೆಳಗೆ ಸಹಿ. ಬೀಗ ಹಾಕಿದ ಮೇಲೂ ಎರಡು ಸಲ ಎಳೆದು ನೋಡುವವನೆಂದು ಕಚೇರಿಯಲ್ಲಿ ಅವನಿಗೆ ‘ಡಬಲ್ ಚೆಕ್’ ಎಂದೇ ಹೆಸರು. ಅವನು ಬರೆದದ್ದನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ. ನಲ್ಲಿಯಲ್ಲಿ ಇಷ್ಟು ಹಸಿರು ಬಂತೆಂದರೆ ಎಲ್ಲೋ ಪೈಪು ಒಡೆದು ಚರಂಡಿ ಸೇರುತ್ತಿದೆ ಎಂಬುದು ಈ ಕೋಣೆಯಲ್ಲಿ ಅವನಿಗೊಬ್ಬನಿಗೇ ಗೊತ್ತಿತ್ತು.

"ನಿಮ್ಮ ಹನಿ ಹಳೇದಿರ್ಬೇಕು," ಎಂದ. ಅಂಗಡಿಯವನು ಸೀಸೆಯ ಚೀಟಿ ತೋರಿಸಿದ. ಅವಧಿ ಮುಗಿಯಲು ಇನ್ನೂ ಒಂದು ವರ್ಷವಿತ್ತು. "ಈಗ್ಲೇ ಒಂದು ಫೋನ್ ಮಾಡ್ಬಿಡಿ ಸರ್. ಇಡೀ ಬೀದಿ ಇದನ್ನೇ ಕುಡೀತಿದೆ."

"ಇವತ್ತು ಭಾನುವಾರ."

"ನೀರಿಗೆಲ್ಲಿ ಭಾನುವಾರ ಸರ್?" ಎಂದು ಅಂಗಡಿಯವನು ಚೀಲ ಕಟ್ಟಿದ. "ನನಗೇನು, ನಾನು ಮೀನು ಮಾರೋನು. ಉಳಿದಿರೋ ಎರಡಕ್ಕಾದ್ರೂ ಕ್ಯಾನ್ ನೀರು ಹಾಕಿ."

ಅವನು ಮೆಟ್ಟಿಲಿಳಿದದ್ದೇ ತಡ, ಪುಟ್ಟಿ ಅಪ್ಪನ ಅಂಗಿ ಹಿಡಿದಳು. ಎಷ್ಟೋ ದಿನದ ಮೇಲೆ ಮುಖ ಅರಳಿತ್ತು. "ಹಾಗಾದ್ರೆ ಸಾಯಿಸಿದ್ದು ನಾನಲ್ಲ ಅಲ್ವಾಪ್ಪಾ? ನಲ್ಲಿ ನೀರು ಅಲ್ವಾ?"

ಮಕ್ಕಳ ಬಾಯಿಗೆ ಬೀಗವಿಲ್ಲ. ಈಗ ಹೌದು ಎಂದರೆ ಮಧ್ಯಾಹ್ನದೊಳಗೆ ಮೂರು ಮಹಡಿಗೂ ಸುದ್ದಿ, ನಾಳೆ ಕಚೇರಿಗೆ. ಅಲ್ಲಿ ಅರವತ್ತು ದಿನದ ‘ಇಲ್ಲ’, ಅರವತ್ತು ಸಹಿ. "ಅವರ ಹನಿ ಕೆಟ್ಟಿದೆ ಮಗಾ," ಎಂದ. "ನೀನು ಹಾಕಿದ್ದು ಜಾಸ್ತಿಯಾಗಿದ್ದಕ್ಕೇ ಹೋಗಿದ್ದು." ಅವಳು ಅಂಗಿ ಬಿಟ್ಟಳು.

ಹನ್ನೆರಡರ ಬಿಸಿಲಿನಲ್ಲಿ ಇಬ್ಬರೂ ಹೋಗಿ ಒಂದು ಕ್ಯಾನ್ ನೀರು ತಂದರು. ಮೂರನೆಯ ಮಹಡಿ ಮುಟ್ಟುವಷ್ಟರಲ್ಲಿ ಅವನಿಗೆ ಏದುಸಿರು. ಪಕ್ಕದ ಮನೆಯಾಕೆ ಬಾಗಿಲಲ್ಲೇ ಇದ್ದಳು. "ಏನಣ್ಣಾ ಇದು, ನೀರಿನ ಆಫೀಸ್‌ನೋರೇ ಕ್ಯಾನ್ ತಂದ್ರೆ ನಮ್ಮ ಗತಿ ಏನು?"

ಅವನು ಬಾಯಿ ತೆರೆಯುವ ಮೊದಲೇ ಪುಟ್ಟಿ ಹೇಳಿದಳು: "ಇದು ಮೀನಿಗೆ ಆಂಟಿ. ನಾನು ಊಟ ಜಾಸ್ತಿ ಹಾಕಿ ನಾಲ್ಕು ಮೀನು ಸಾಯಿಸ್ಬಿಟ್ಟೆ."

"ಅಯ್ಯೋ ಕಂದಾ, ಬೇಕಂತ ಮಾಡಿದ್ಯಾ? ಹೋಗ್ಲಿ ಬಿಡು. ನೋಡು, ಹೇಗೆ ಬೆವೆತಿದೀಯ!" ಆಕೆ ಒಳಗೆ ಹೋಗಿ, ನಲ್ಲಿಗೆ ಹಿಡಿದ ಲೋಟವನ್ನು ತುಂಬಿ ತುಳುಕಿಸುತ್ತ ತಂದಳು. ಅವನ ಕೈ ಲೋಟದ ಕಡೆಗೆ ಎದ್ದಿತು. ತಡೆದರೆ ಯಾಕೆ ಎಂದು ಆಕೆ ಕೇಳುತ್ತಾಳೆ. ಎದ್ದ ಕೈ ಅರ್ಧ ದಾರಿಯಲ್ಲಿ ತಿರುಗಿ ಕನ್ನಡಕ ಸರಿಮಾಡಿಕೊಂಡಿತು. ಪುಟ್ಟಿ ಎರಡೂ ಕೈಯಲ್ಲಿ ಲೋಟ ಹಿಡಿದು, ಕಣ್ಣು ಮುಚ್ಚಿ, ಗಟಗಟನೆ ಕುಡಿದು ಮುಗಿಸಿದಳು.

"ಪಾಪ, ಎಷ್ಟು ಬಾಯಾರಿತ್ತೋ," ಎಂದಳು ಆಕೆ. "ಇನ್ನೊಂದು ಲೋಟ ಕೊಡ್ಲಾ ಮರಿ?"